ಹನ್ನೊಂದನೆಯ ಕಲಮಿನ ಅಡ್ಡಗೆರೆ

ಹಿರೇಕೆರೂರು, ಜಿಲ್ಲಾ ಧಾರವಾಡ
ಗುರುವಾರ, ೧೫ ಜೂನ್ ೧೯೮೯

ನನ್ನ ಶಾರವ್ವಾ,

ನಿಮ್ಮಜ್ಜ ಗುತ್ತೆಪ್ಪನ ಆಶೀರ್ವಾದ. ಆಶೀರ್ವಾದವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಮುಂದೆ ಬೈಗುಳ ಬಹಳ ಇವೆ, ಆಮೇಲೆ ಜಾಗ ಉಳಿಯುತ್ತದೋ ಇಲ್ಲವೋ. ಹುಲಗೂರಿನ ನೀರು ನಿನಗೆ ಹಿಡಿಸಿತೇ? ಹೋಗುವ ದಿನ ನಿನ್ನ ಗಂಟಲು ಕಟ್ಟಿತ್ತು. ನೆಗಡಿಯದ್ದೋ ಅಳುವಿನದ್ದೋ ಎಂದು ನಾನು ಕೇಳಲಿಲ್ಲ. ನೆಗಡಿಯದ್ದಾದರೆ ಅರಿಷಿಣದ ಹಾಲು ಕುಡಿ, ಅಳುವಿನದ್ದಾದರೆ ಈ ಕಾಗದವನ್ನು ಕೊನೆಯತನಕ ಓದು. ನಿಮ್ಮತ್ತೆ ಉಡಚವ್ವನ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕುತ್ತೇನೆಂದು ಹೇಳಿ ತಿಕ್ಕದೆ ಇರುತ್ತಾಳೆ, ನನ್ನ ಮಗಳಲ್ಲವೇ, ನನಗೆ ಗೊತ್ತು. ನನ್ನ ಆರೋಗ್ಯ ಕೇಳುವೆಯಾದರೆ ಬಹಳ ಚೆನ್ನಾಗಿದೆ. ಸಿಟ್ಟು ಬಂದವನ ಹತ್ತಿರ ಬೇರೆ ರೋಗ ಸುಳಿಯುವುದಿಲ್ಲ. ಎರಡು ವಾರದಿಂದ ಕೆಮ್ಮು ಕೂಡ ನನ್ನನ್ನು ಕಂಡರೆ ಹೆದರಿ ಆಚೆ ಓಣಿಗೆ ಹೋಗುತ್ತಿದೆ. ಇನ್ನೊಂದು ಮಾತು. ಕೋರ್ಟಿನ ಮುಂದೆ ಹುಣಸೆಮರದ ಬುಡದಲ್ಲಿ ನಲವತ್ತು ವರ್ಷ ಮಂದಿಯ ಅರ್ಜಿ ಬರೆದೂ ಬರೆದೂ ಪೆನ್ನು ಹಿಡಿದ ಕೂಡಲೇ ನನ್ನ ಕೈಗೆ ಕಚೇರಿಯ ಕನ್ನಡ ಬರುತ್ತದೆ. ನಡುವೆ ಎಲ್ಲಾದರೂ 'ಮೇಲೆ ಕಾಣಿಸಿದ ಕತ್ತೆಯು' ಎಂದು ಬಂದರೆ ಬೈಗುಳವೆಂದೇ ತಿಳಿದು ಓದಿಕೋ.

ಮೊದಲನೆಯ ಕತ್ತೆ ಚನ್ನವೀರಪ್ಪ ವಕೀಲ. ಬೆಂಗಳೂರಿನ ಆ ಹೊಸ ಕಾಯ್ದೆ ಕಾಲೇಜಿನಿಂದ ನಿನ್ನ ಪರೀಕ್ಷೆಯ ಮಾರ್ಕಿನ ಕಾಗದ ಬಂದ ದಿನ ಅವನ ಹತ್ತಿರ ಹೋಗೋಣ ಎಂದವನು ನಾನೇ. ದೊಡ್ಡ ವಕೀಲ, ಓದಿದವನು, ಹುಡುಗಿಗೆ ಎರಡು ಒಳ್ಳೆಯ ಮಾತು ಹೇಳಿಯಾನು ಎಂದುಕೊಂಡಿದ್ದೆ. ಅವನು ಯಾರದೋ ಕೇಸಿನ ಕಾಗದದ ಬೆನ್ನಿಗೆ ಪೆನ್ಸಿಲ್ಲು ತೆಗೆದುಕೊಂಡು ಲೆಕ್ಕ ಹಾಕಿದ. "ಎಂಬತ್ತು ಸೀಟು. ಪರೀಕ್ಷಾಕ್ಕ ಕುಂತಾವ್ರು ಎರಡೂವರೆ ಸಾವಿರ. ನಿನಗ ಬಿದ್ದದ್ದು ಇನ್ನೂರಕ್ಕ ತೊಂಬತ್ತಾರು. ಸಾಧಾರಣ ಐತವಾ, ಭಾಳ ಸಾಧಾರಣ. ನನ್ನ ಕಕ್ಷಿದಾರಗ ಹೇಳೂ ಹಂಗ ಹೇಳತೇನಿ ನೋಡು, ಈ ಕೇಸಿನಾಗ ಜೀವ ಇಲ್ಲ." ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಅವನಿಗೂ ನನಗೂ ನಮಸ್ಕಾರ ಚಮತ್ಕಾರ ಉಳಿಯುತ್ತಿತ್ತು. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಕಡೆ ನೋಡಿ, ನಗುತ್ತಾ ಅಂದನಲ್ಲ: "ನಿಮ್ಮ ಮಂದಿಗೆ ಸರಕಾರ ಬ್ಯಾರೆ ಬಾಗಲಾ ಇಟ್ಟೈತಿ. ಆ ಬಾಗಲದಾಗೂ ಹೊಕ್ಕೊಳ್ಳಾಕ ಆಗಲಿಲ್ಲಂದ ಮ್ಯಾಲ..." ಉಳಿದದ್ದನ್ನು ಆಡಲೇ ಇಲ್ಲ. ಉಳಿದದ್ದನ್ನು ನಿನ್ನ ಮುಖದ ಮೇಲೆ ಓದಿದವನು ನಾನು. ನೀನು ಆ ಮಾರ್ಕಿನ ಕಾಗದವನ್ನು ಎರಡು ಮಡಿಕೆ ಮಾಡಿದೆ, ನಾಲ್ಕು ಮಡಿಕೆ ಮಾಡಿದೆ, ಎಂಟು ಮಡಿಕೆ ಮಾಡಿದೆ. ಇನ್ನು ಮಡಚಲಾಗದಷ್ಟು ಸಣ್ಣದಾದಾಗ ಎದ್ದು ಹೊರಗೆ ಹೋದೆ.

ಮರುದಿನ ಅವನ ಆಫೀಸಿನ ಬಾಗಿಲಿಗೆ ಒಂದು ಹಲಗೆ ತೂಗುಬಿಟ್ಟೆ. ನನ್ನದೇ ಅಕ್ಷರ, ದುಂಡಗೆ ಬರೆದಿದ್ದೆ: 'ಕೈ ನೋಡಿ ಭವಿಷ್ಯ ಹೇಳುವವರು ಹಿಂದಿನ ಓಣಿ. ಕೈ ತೊಳೆದುಕೊಂಡು ಭವಿಷ್ಯ ಹೇಳುವವರು ಇಲ್ಲಿ.' ಮಧ್ಯಾಹ್ನದೊಳಗೆ ಹಂಸಭಾವಿ ಕಡೆಯ ಇಬ್ಬರು ಮುದುಕಿಯರು ಅಂಗೈ ಚಾಚಿಕೊಂಡು ಅವನ ಮುಂದೆ ಕೂತಿದ್ದರು. ಊರೆಲ್ಲ ನಕ್ಕಿತು. ನಾನು ನಗಲಿಲ್ಲ ಶಾರವ್ವಾ. ನನ್ನ ಚೇಷ್ಟೆಗೆ ನಾನೇ ನಗದ ದಿನ ಅದೊಂದೇ.

ಎರಡನೆಯ ಕತ್ತೆ ನನ್ನ ಮಗ, ನಿಮ್ಮಪ್ಪ ಭರಮಪ್ಪ. ಇಡೀ ದಿನ ರಸ್ತೆಗೆ ಡಾಂಬರು ಹಾಕಿ ಹಾಕಿ ಅವನಿಗೆ ಎಲ್ಲವೂ ಸಪಾಟಾಗಿ ಇರಬೇಕು. ವಕೀಲನ ಲೆಕ್ಕ ಕೇಳಿದ್ದೇ ತಡ, "ಸಾಕು ಬಿಡು, ಹಂಸಭಾವಿ ಟ್ರೇನಿಂಗಿಗೆ ಹಾಕೂಣು. ಎರಡ ವರ್ಷ. ಮಾಸ್ತರಿಕಿ ಮಾಡ್ಕೊಂಡ ಮನಿ ಹತ್ರ ಇರತಾಳ" ಎಂದ. ಮಕ್ಕಳಿಗೆ ಅಕ್ಷರ ಕಲಿಸುವುದು ಕಡಿಮೆ ಕೆಲಸವೆಂದು ನಾನು ಹೇಳುವುದಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆತನಕ ನನ್ನನ್ನು ದಾಟಿಸಿದ್ದು ಒಬ್ಬ ಮಾಸ್ತರರೇ. ಆದರೆ ಅದು ನೀನು ಬೇಡಿದ್ದಲ್ಲವಲ್ಲ! ಎಂಟು ವರ್ಷದವಳಿದ್ದಾಗಿನಿಂದ ಕೋರ್ಟಿನ ಕಿಟಕಿಗೆ ಮೂಗು ಹಚ್ಚಿ ನಿಂತು, ಮನೆಗೆ ಬಂದು ಸೌಟು ಹಿಡಿದು "ಮಹಾಸ್ವಾಮೀ" ಎಂದು ವಾದ ಮಾಡುತ್ತಿದ್ದವಳು ನೀನು. ಬೇರೆಯವನ ಪೆನ್ಸಿಲ್ಲು ಹಾಕಿದ ಲೆಕ್ಕಕ್ಕೆ ತನ್ನ ಮಗಳ ತಲೆ ಕೂಡಿಸಿ ಕಳೆದುಬಿಟ್ಟನಲ್ಲ ಅವನು, ಅದಕ್ಕೆ ನನ್ನ ಸಿಟ್ಟು.

ಮೂರನೆಯ ಸಿಟ್ಟು ನಿನ್ನ ಮೇಲೆ. ಓದುವುದನ್ನು ನಿಲ್ಲಿಸಬೇಡ. ನಿಮ್ಮಪ್ಪ ಹಾಗೆಂದಾಗ ನೀನು ಏನಂದೆ? "ಆತಪಾ" ಅಂದೆ. ಅಷ್ಟೇ. ಶಾರವ್ವ ಆತಪಾ ಅಂದಳೆಂದು ಹೊರಗಿನವರು ಯಾರಾದರೂ ಹೇಳಿದ್ದರೆ ಅವರ ಮೇಲೆ ಸುಳ್ಳುಸಾಕ್ಷಿಯ ಅರ್ಜಿ ಹಾಕುತ್ತಿದ್ದೆ. ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ ನಿನಗೆ ಪೂರಾ ಟಿಕೀಟು ಹರಿದಿದ್ದು ಮರೆತೆಯಾ? ಒಂಬತ್ತು ವರ್ಷ ಆಗ ನಿನಗೆ, ಎತ್ತರ ಮಾತ್ರ ಹದಿಮೂರರದ್ದು. ಸೀಟಿನ ಮೇಲೆ ಎದ್ದು ನಿಂತು, "ಪೂರಾ ಟಿಕೀಟ ಕೊಟ್ರ ಪೂರಾ ಮನಶಾಳ ಲೆಕ್ಕ ಅಲ್ಲರಿ? ಹಂಗಾರ ನಮ್ಮಜ್ಜನ ತೊಡಿಮ್ಯಾಲ ಯಾಕ ಕುಂದರಸೀರಿ? ಪೂರಾ ಜಾಗಾ ಕೊಡ್ರಿ. ಜಾಗಾ ಅರ್ಧಾ ಆದ್ರ ಟಿಕೀಟೂ ಅರ್ಧಾ" ಎಂದೆ. ಇಡೀ ಬಸ್ಸು ನಿನ್ನ ಕಡೆ ವಾಲಿತು. ಅರ್ಧ ಟಿಕೀಟು ಹರಿಸಿಕೊಂಡೇ ಕೂತೆ. ಅರ್ಧ ಟಿಕೀಟಿಗೆ ಅಷ್ಟು ಹೋರಾಡಿದವಳು ಇಡೀ ಬಾಳಿಗೆ ಆತಪಾ ಅನ್ನುತ್ತೀಯಾ? ಸೀಟು ಸಿಗದವರಿಗೆ ಸಿಟ್ಟಾದರೂ ಸಿಗಬೇಕಲ್ಲ. ನೀನು ಅದನ್ನೂ ಒಲ್ಲೆನೆಂದು ಚೀಲ ಹಿಡಿದು ಹುಲಗೂರಿನ ಬಸ್ಸು ಹತ್ತಿದೆ.

ಇಲ್ಲಿಯವರೆಗೆ ಬೈದದ್ದು ಸುಲಭವಿತ್ತು. ಇನ್ನು ಮುಂದಿನದನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ.

ನೀನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ವಕೀಲ ಅಂದ ಆ 'ಬ್ಯಾರೆ ಬಾಗಲಾ' ಅಲ್ಲೇ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು. ಮರದ ಆಚೆ ಬದಿಗೆ ಟೈಪು ಮಾಡುವ ಮುನವ್ವರಾಳ ಹತ್ತಿರ ಹೋಗಿ, ಬೆಂಗಳೂರಿನ ಆ ಕಾಲೇಜಿನವರಿಗೆ ಒಂದು ಕಾಗದ ಹೊಡೆ ಎಂದೆ. ನನ್ನ ಮೊಮ್ಮಗಳಿಗೆ ತೊಂಬತ್ತಾರು, ಪರಿಶಿಷ್ಟ ಜಾತಿಯ ಸರ್ಟಿಫಿಕೇಟಿನ ನಕಲು ಜೊತೆಗೇ ಕಳಿಸಿದೆ, ಆದರೂ ಹೆಸರಿಲ್ಲ, ನಿಮ್ಮ ಆ ಪಟ್ಟಿ ಎಷ್ಟಕ್ಕೆ ನಿಂತಿತು, ಯಾರನ್ನು ತುರುಕಿದಿರಿ, ಎಲ್ಲ ಹೇಳಿ ಎಂದು ಮೂರು ಪುಟ ಹೇಳಿಸಿ ಬರೆಸಿದೆ. ಅವಳು ಕೇಳಿಸಿಕೊಂಡು ನಾಲ್ಕೇ ಸಾಲು ಹೊಡೆದಳು. ಉಳಿದದ್ದೆಲ್ಲಿ ಎಂದರೆ, "ಅಜ್ಜಾರ, ನಿಮ್ಮ ಬೈಗುಳಕ್ಕ ಈ ಮಶೀನಿನಾಗ ಅಕ್ಷರ ಇಲ್ಲರಿ. ನಾ 'ಕೈಂಡ್ಲಿ' ಅಂತ ಹಾಕೇನಿ, ಅದರಾಗ ಎಲ್ಲಾ ಬಂತು" ಅಂದಳು. ರಿಜಿಸ್ಟರ್ ಮಾಡಿ ಕಳಿಸಿದೆವು. ಕಾನೂನಿಗೆ ಕಾಯ್ದೆ ಎಂದು ಹೆಸರಿಟ್ಟವರು ಬಲ್ಲವರೇ ಇರಬೇಕು, ನಾನೂ ದಿನಾ ಪೋಸ್ಟಿನವನ ದಾರಿ ಕಾಯ್ದೆ, ಕಾಯ್ದೆ, ಹತ್ತು ದಿನ ಕಾಯ್ದೆ.

ನಿನ್ನೆ ಬಂತು ಉತ್ತರ. ದೊಡ್ಡ ಮಂದಿ, ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಮುನವ್ವರಾ ಓದಿ ಹೇಳಿದಳು. ಎಲ್ಲರ ಪಟ್ಟಿ ನೂರಾ ಇಪ್ಪತ್ತೆಂಟಕ್ಕೆ ನಿಂತಿದೆ. ನಮ್ಮ ಪಟ್ಟಿ ಎಂಬತ್ತನಾಲ್ಕಕ್ಕೆ ನಿಂತಿದೆ. ಎಂಬತ್ತನಾಲ್ಕಕ್ಕೆ, ಶಾರವ್ವಾ! ನಿನ್ನದು ತೊಂಬತ್ತಾರು. ನಾನು ಅಲ್ಲೇ ಎದ್ದು ನಿಂತೆ. ಹಾಗಿದ್ದರೆ ಮೋಸವಾಗಿದೆ, ನಡೀ ಹೈಕೋರ್ಟಿಗೆ ಎಂದು ಪಂಚೆ ಎತ್ತಿ ಕಟ್ಟಿದೆ. ಮುನವ್ವರಾ ಹಾಳೆ ತಿರುವಿದಳು. ಕಾಗದದ ಹಿಂದೆ ನಿನ್ನ ಫಾರ್ಮಿನ ಒಂದು ಪುಟದ ಝೆರಾಕ್ಸು ಇತ್ತು. ಅದನ್ನು ನನ್ನ ಮುಂದೆ ಹಿಡಿದು, "ಅಜ್ಜಾರ, ಇದು ನಿಮ್ಮ ಸಹಿ ಹೌದಲ್ಲೋ?" ಎಂದಳು.

ಹನ್ನೊಂದನೆಯ ಕಲಮು, ಮೀಸಲು ಸೀಟು ಕೇಳುವ ಜಾಗ. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಅಡ್ಡಗೆರೆ. ಗೆರೆಯ ತುದಿಗೆ ಸಣ್ಣದಾಗಿ 'ಗು.ಫ.' ಗುತ್ತೆಪ್ಪ ಫಕ್ಕೀರಪ್ಪ. ನಾನೇ.

ನನ್ನ ಅಪ್ಪ ಫಕ್ಕೀರಪ್ಪನ ಹೊಲದ ಕಥೆ ನಿನಗೆ ಗೊತ್ತಿದೆ. ತಿಳವಳ್ಳಿಯಲ್ಲಿ ಅವನು ಬೇರೆಯವರ ಎರಡು ಹೊಲ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ಕೆಳಗಿನದನ್ನು ಬಿಟ್ಟುಕೊಡುತ್ತೇನೆಂದು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ನಾಲ್ಕು ಬೆರಳಷ್ಟು ಜಾಗ ಖಾಲಿ ಇತ್ತು. ಆಮೇಲೆ ಯಾರೋ ಅಲ್ಲಿ 'ಮೇಲಿನ ಹೊಲ ಸಹಿತ' ಎಂದು ಸೇರಿಸಿದರು. ಮೂರು ಶಬ್ದಕ್ಕೆ ಒಂದು ಹೊಲ ಹೋಯಿತು. ಆ ದಿನದಿಂದ ನನ್ನ ಕೈಗೆ ಬಂದ ಯಾವ ಕಾಗದದಲ್ಲೂ ಬೆರಳಗಲ ಜಾಗವನ್ನು ನಾನು ಖಾಲಿ ಬಿಟ್ಟವನಲ್ಲ. ಗೆರೆ ಎಳೆ, ತುದಿಗೆ ಸಹಿ ಮಾಡು, ಇನ್ನು ದೇವರು ಬಂದರೂ ಅಲ್ಲಿ ಏನೂ ಸೇರಿಸಲಾರ. ಈ ನಾಲ್ಕು ತಾಲೂಕಿನಲ್ಲಿ ಗುತ್ತೆಪ್ಪ ಬರೆದ ಬಾಂಡಿನಲ್ಲಿ ಯಾರೂ ಅಕ್ಷರ ಕೂಡಿಸಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗಿದೆ.

ನೀನು ಪಿಯುಸಿ ಪರೀಕ್ಷೆಗೆ ಹಾನಗಲ್ಲಿಗೆ ಹೋಗುವಾಗ ಫಾರ್ಮನ್ನು ನನ್ನ ಕೈಗೆ ಕೊಟ್ಟು ಹೇಳಿದ್ದೆ: "ಅಜ್ಜಾ, ಹನ್ನೊಂದನೇದು ಖಾಲಿ ಬಿಟ್ಟೇನಿ. ಸರ್ಟಿಫಿಕೇಟ್ ಬಂದ ಮ್ಯಾಲ ಮುನವ್ವರಕ್ಕನ ಕಡೆ ಅದರ ನಂಬರ್ ಬರಸಿ ಪೋಸ್ಟಿಗೆ ಹಾಕು." ಕಿವಿಗೆ ನೆನಪಿತ್ತು. ಕೈಗೆ ನೆನಪಿರಲಿಲ್ಲ. ನಿಮ್ಮಪ್ಪ ರಟ್ಟೀಹಳ್ಳಿ ರಸ್ತೆಯ ಕೆಲಸಕ್ಕೆ ಹೋಗಿದ್ದ, ಪಾಲಕರ ಸಹಿ ಎಂಬಲ್ಲಿ ನಾನೇ ಹಾಕಬೇಕಿತ್ತು. ಹಾಕಿದೆ. ಹಾಕಿದ ಮೇಲೆ ಹೇಗೂ ಒಮ್ಮೆ ನೋಡಿಬಿಡೋಣ ಎಂದು ಕನ್ನಡಕ ಏರಿಸಿದೆ. ಟೆಲಿಫೋನ್ ನಂಬರು ಖಾಲಿ, ಗೆರೆ. ಇನ್ನೇನೋ ಇಂಗ್ಲೀಷಿನದು ಖಾಲಿ, ಗೆರೆ. ಹನ್ನೊಂದನೆಯದು ಖಾಲಿ, ಗೆರೆ. ಎರಡು ದಿನ ಬಿಟ್ಟು ಸರ್ಟಿಫಿಕೇಟು ಬಂದಾಗ ಗೆರೆ ಕಣ್ಣಿಗೆ ಬಿತ್ತು, ಬೀಳಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಮುನವ್ವರಾ ತಂಗಿಯ ಮದುವೆಗೆ ಸವಣೂರಿಗೆ ಹೋಗಿದ್ದಳು. ಅವಳು ಬರುವತನಕ ಕಾದರೆ ತಾರೀಖು ಮೀರುತ್ತಿತ್ತು. ಸರ್ಟಿಫಿಕೇಟಿನ ನಕಲೇ ಹೋಗುತ್ತಿರುವಾಗ ನಂಬರಿನ ಹಂಗೇಕೆ ಎಂದು ನನ್ನ ಶಾಣ್ಯಾತನ ನನಗೆ ಹೇಳಿತು. ನಕಲನ್ನು ಟಾಚಣಿಯಿಂದ ಚುಚ್ಚಿ ಪೋಸ್ಟಿನ ಡಬ್ಬಿಗೆ ಹಾಕಿ, ಒಂದು ಚಹಾ ಕುಡಿದೆ.

ಅಲ್ಲಿಯವರು ಬರೆದದ್ದು ಇಷ್ಟೇ: ಕಲಮನ್ನು ಪಾಲಕರೇ ಹೊಡೆದುಹಾಕಿ ಸಹಿ ಮಾಡಿದ್ದರಿಂದ, ಅಭ್ಯರ್ಥಿ ಆ ಹಕ್ಕನ್ನು ತಾನಾಗಿ ಬಿಟ್ಟುಕೊಟ್ಟಿದ್ದಾಳೆಂದು ತಿಳಿಯಲಾಯಿತು. ನನ್ನ ಅಪ್ಪನ ಕಾಗದದಲ್ಲಿ ಬೇರೆಯವರು ಬರೆದು ಹೊಲ ಕಸಿದರು. ನಿನ್ನ ಕಾಗದದಲ್ಲಿ ನಾನು ಗೆರೆ ಎಳೆದು ಬಿಟ್ಟುಕೊಟ್ಟೆ. ಬಿಟ್ಟುಕೊಡುವ ಕಾಗದವೇ ಆಯಿತಲ್ಲ ಎರಡನೆಯ ಸಲವೂ, ಇದನ್ನು ಯಾವ ಕೋರ್ಟಿಗೆ ಒಯ್ಯಲಿ? ನಾಲ್ಕನೆಯ ಕತ್ತೆಯ ಹೆಸರನ್ನು ನಾನು ಮೇಲೆಯೇ ಕಾಣಿಸಿದ್ದೇನೆ. ಮೂವರನ್ನೂ ಬೈದ ಸಿಟ್ಟು ಒಂದು ಕೈ ಆದರೆ ಇವನ ಮೇಲಿನದು ಇನ್ನೊಂದು ಕೈ. ಆ ಕೈಯಿಂದ ನಿನ್ನೆಯಿಂದ ತುತ್ತು ಏಳುತ್ತಿಲ್ಲ.

ಆದ್ದರಿಂದ ಸರಿಯಾಗಿ ತಿಳಿದುಕೋ. ನೀನು ಆ ಬಾಗಿಲಿಗೆ ಹೋಗಿ ಸೋತು ಬಂದವಳಲ್ಲ. ನಿನ್ನನ್ನು ಅಲ್ಲಿ ಎಣಿಸಲೇ ಇಲ್ಲ. ಎಣಿಸಿದ್ದರೆ ಹನ್ನೆರಡು ಮಾರ್ಕು ಮೇಲೆ ಇರುತ್ತಿದ್ದೆ. ಇನ್ನು ಆ 'ಸಾಧಾರಣ'ದ ಮಾತು. ಸಾಧಾರಣ ಅನ್ನುವವನಿಗೆ ಧಾರಣಿ ಗೊತ್ತಿಲ್ಲ. ಹತ್ತಿ ಸಂತೆಯಲ್ಲೂ ಯಾವ ಹೊಲದ್ದು, ನೀರು ಎಷ್ಟು ಕಂಡದ್ದು ಎಂದು ಕೇಳಿ ಧಾರಣಿ ಕಟ್ಟುತ್ತಾರೆ. ಅವರವರ ನೂರಾ ಇಪ್ಪತ್ತೆಂಟಕ್ಕೆ ಮನೆಗೊಬ್ಬ ಮಾಸ್ತರರು, ಕಪಾಟು ತುಂಬ ಇಂಗ್ಲೀಷು ಪುಸ್ತಕ. ನಿನ್ನ ತೊಂಬತ್ತಾರಕ್ಕೆ ಮುನವ್ವರಾ ರದ್ದಿಗೆ ಹಾಕದೆ ಇಟ್ಟ ಪೇಪರುಗಳು ಮತ್ತು ಹಾಳೆ ಹರಿದ ಒಂದು ಡಿಕ್ಷನರಿ. ಯಾವನಾದರೂ ಬೇರೆ ಬಾಗಿಲಿನಿಂದ ಬಂದೆ ಎಂದು ಅಣಕಿಸಿದರೆ, ನಮ್ಮನ್ನು ಇಷ್ಟು ದಿನ ಹೊರಗೆ ನಿಲ್ಲಿಸಿದ ಬಾಗಿಲು ಯಾವುದು ಎಂದು ಮೊದಲು ಅವನನ್ನೇ ಕೇಳು. ತಲೆ ಮಾತ್ರ ಬಗ್ಗಿಸಬೇಡ. ನೀನು ಮೊದಲೇ ಎತ್ತರ, ಬಗ್ಗಿದರೆ ಚೆನ್ನಾಗಿ ಕಾಣುವುದಿಲ್ಲ.

ಆ ಕಾಗದದ ಕೊನೆಗೆ ಇನ್ನೊಂದು ಸಾಲಿದೆ. ನಮ್ಮ ಪಟ್ಟಿಯಲ್ಲಿ ಒಬ್ಬರು ಸೀಟು ಬಿಟ್ಟಿದ್ದಾರಂತೆ. ಬರುವ ಸೋಮವಾರ, ಹತ್ತೊಂಬತ್ತನೆಯ ತಾರೀಖು ಬೆಳಗಿನ ಹನ್ನೊಂದಕ್ಕೆ ನೀನೇ ಖುದ್ದಾಗಿ ಮೂಲ ಸರ್ಟಿಫಿಕೇಟಿನೊಂದಿಗೆ ಹಾಜರಾಗಿ, ಆ ಗೆರೆ ಹೇಗೆ ಬಿತ್ತೆಂದು ಬರೆದುಕೊಟ್ಟರೆ ಸಮಿತಿ ವಿಚಾರ ಮಾಡುತ್ತದಂತೆ. ಕೊಟ್ಟೇ ಕೊಡುತ್ತೇವೆಂದು ಬರೆದಿಲ್ಲ. ಅರ್ಜಿ ನಮ್ಮದು, ಮರ್ಜಿ ಅವರದು. ಮುನವ್ವರಾ 'ಅಭ್ಯರ್ಥಿಯ ಕಣ್ತಪ್ಪಿನಿಂದ' ಎಂದು ಒಂದು ಹೇಳಿಕೆ ಹೊಡೆಯಲು ಕೂತಿದ್ದಳು. ಮಶೀನಿನಿಂದ ಹಾಳೆ ಎಳೆದು ಹರಿದೆ. ಕಣ್ಣು ತಪ್ಪಿದ್ದು ನಿನ್ನದಲ್ಲ. ನಿಮ್ಮಜ್ಜನ ಹೆಸರು, ವಯಸ್ಸು, ಉದ್ಯೋಗ ಹಾಕಿ, ಅವನೇ ಎಳೆದ ಎಂದು ಬರೆ. ಅಜ್ಜನ ಮರ್ಯಾದೆ ಹೋದೀತೆಂದು ಅಲ್ಲೂ ಆತಪಾ ಅಂದೀಯೆ, ಜೋಕೆ.

ನಿಮ್ಮಪ್ಪನಿಗೆ ನಿನ್ನೆ ಸಂಜೆ ಎಲ್ಲವನ್ನೂ ಹೇಳಿದೆ. ಕಾಗದ ತೋರಿಸಿದೆ. ಅವನು ಝೆರಾಕ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಡಸೀದಿ ಬಿಡಪಾ ಮುನವ್ವರಾನ ಕಡೆ. ಹುಡುಗೀನ್ನ ಮನಿಗೆ ಕರಸಾಕ ಇದೊಂದ ಹೊಸಾ ಆಟ" ಎಂದು ನಕ್ಕ. ತಪ್ಪು ಅವನದಲ್ಲ. ಹೋದ ವರ್ಷ ಅವನನ್ನು ಗೋವೆಯ ಸಮುದ್ರ ದಂಡೆಯ ರಸ್ತೆಗೆ ಮುಕಾದಮನನ್ನಾಗಿ ಮಾಡಿದ ಸುಳ್ಳು ಸರಕಾರಿ ಆರ್ಡರು ಟೈಪು ಮಾಡಿಸಿ ಕೊಟ್ಟವನು ನಾನೇ, ಪೇಡೆ ಹಂಚಿ ಊರಿಗೆಲ್ಲ ಕೈಮುಗಿದವನು ಅವನೇ. ನನ್ನ ಬಾಳಿನ ಒಂದೇ ಒಂದು ಖರೇ ಮಾತನ್ನು ಹೇಳಿದ ದಿನ ನನ್ನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅದಕ್ಕೇ ಆ ಕಾಗದವನ್ನೂ ಝೆರಾಕ್ಸನ್ನೂ ಇದರೊಳಗೆ ಇಟ್ಟಿದ್ದೇನೆ, ಬೆಂಗಳೂರಿನ ಪೋಸ್ಟಿನ ಮುದ್ರೆ ಬಿದ್ದ ಪಾಕೀಟಿನ ಸಮೇತ. ನಾಳೆ ಶುಕ್ರವಾರ ಮುನವ್ವರಾ ಹುಲಗೂರಿನ ದರ್ಗಾಕ್ಕೆ ಬರುತ್ತಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ನನ್ನ ಮಾತಿಗೆ ನಂಬಿಕೆ ಇಲ್ಲದಿದ್ದರೆ ಅವಳ ಮುಖ ನೋಡು. ನಿನ್ನೆಯಿಂದ ನನಗೆ ಚಹಾ ಕೊಟ್ಟಿಲ್ಲ ಅವಳು.

ಉಡಚವ್ವನಿಗೂ ಅಳಿಯನಿಗೂ ನನ್ನ ನೆನಪು ತಿಳಿಸು. ಅವರ ಮನೆಯ ಎಮ್ಮೆ, ಕರು, ಕೋಳಿಗಳಿಗೆ ಸಹ ಒಳ್ಳೆಯದಾಗಲಿ. ನಿನಗೆ ಮಾತ್ರ ಒಳ್ಳೆಯದಾಗಲಿ ಎಂದು ಹರಸಿ ಸುಮ್ಮನಿರಲು ನನಗೆ ಈಗ ಮುಖವಿಲ್ಲ. ಆಗುವತನಕ ಬಿಡಬೇಡ ಎಂದು ಹರಸುತ್ತೇನೆ.

ನಿನ್ನ ಅಪರಾಧಿ ಅಜ್ಜ,
ಗುತ್ತೆಪ್ಪ ಫಕ್ಕೀರಪ್ಪ

ತಾ.ಕ.: ಮುನವ್ವರಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಮುಖ್ಯ ಮಾತೇ ಉಳಿಯಿತು. ಶನಿವಾರ ನಿಮ್ಮಪ್ಪ ಮೂಲ ಸರ್ಟಿಫಿಕೇಟನ್ನು ಹಂಸಭಾವಿಯ ಅರ್ಜಿಗೆ ಹಚ್ಚಿ ಕೊಟ್ಟುಬರುವವನಿದ್ದ. ಅದು ಅವನ ಟ್ರಂಕಿನಲ್ಲಿ ಇಲ್ಲ. ಇಲಿ ಒಯ್ದಿದೆ ಎಂದು ಮೂರು ಬೋನು ಇಟ್ಟಿದ್ದಾನೆ. ಇಲಿ ಇಲ್ಲಿ ಕೂತು ನಿನಗೆ ಕಾಗದ ಬರೆಯುತ್ತಿದೆ. ಸರ್ಟಿಫಿಕೇಟು ಈ ಪಾಕೀಟಿನ ಒಳಗೆ ರಟ್ಟಿನ ನಡುವೆ ಇದೆ, ಮಡಚಬೇಡ. ಹಂಸಭಾವಿಯೋ ಬೆಂಗಳೂರೋ, ಈಗ ಅದು ನಿನ್ನ ಕೈಯಲ್ಲಿದೆ, ಯಾರ ಲೆಕ್ಕವನ್ನೂ ಕೇಳಬೇಡ. ಬೆಂಗಳೂರಾದರೆ ರವಿವಾರ ಮಧ್ಯಾಹ್ನ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಇರುತ್ತೇನೆ, ಮುದುಕನಾದರೂ ದಾರಿಗೆ ಜೊತೆಯಾದೇನು. ಆದರೆ ಸರ್ಟಿಫಿಕೇಟನ್ನು ಯಾರ ಕೈಗೂ ಕೊಡಬೇಡ, ನಾನು ಕೇಳಿದರೂ ಕೊಡಬೇಡ. ಸೋಮವಾರ ಒಳಗೆ ನೀನೊಬ್ಬಳೇ ಹೋಗಿ ನಿನ್ನ ಕೈಯಿಂದಲೇ ಬರೆ. ನಾನು ಹೊರಗೆ ಕೂತಿರುತ್ತೇನೆ. ಪೆನ್ನನ್ನು ಮನೆಯಲ್ಲೇ ಇಟ್ಟು ಬರುತ್ತೇನೆ.